ಮಾಸ್ಟರಿಂಗ್‌ನಲ್ಲಿ ಡಿಜಿಟಲ್ ಈಕ್ವಲೈಜರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಕ್ಸ್ (ದನಿ, ವಾದ್ಯಗಳ ಬೇರೆ ಬೇರೆ ಟ್ರ್ಯಾಕ್‌ಗಳನ್ನು ಬೆರೆಸುವ ಕೆಲಸ) ಮುಗಿದು, ಎಡ ಬಲ ಎರಡೇ ಚಾನೆಲ್‌ನ ಫೈಲಾಗಿ ಹಾಡು ಕೈಗೆ ಬಂದ ಮೇಲೆ ಮಾಡುವ ಕೊನೆಯ ಹದವೇ ಮಾಸ್ಟರಿಂಗ್. ಆಗ ಈಕ್ವಲೈಜರ್, ಚಿಕ್ಕದಾಗಿ ಈಕ್ಯೂ, ಅಂದರೆ ಬೇರೆ ಬೇರೆ ಆವರ್ತನಗಳನ್ನು ಎತ್ತುವ ಇಳಿಸುವ ಸಾಧನದ ಮುಂದೆ ಕೂತವರು ಕೇಳುವ ಪ್ರಶ್ನೆಗಳಿವು. ಇಲ್ಲಿರುವ ಉತ್ತರಗಳು ಕಂಪ್ಯೂಟರಿನ ಪ್ಲಗ್‌ಇನ್‌ಗೂ ಸರಿ, ರ‍್ಯಾಕ್‌ನಲ್ಲಿ ಕೂರುವ ಡಿಜಿಟಲ್ ಪೆಟ್ಟಿಗೆಗೂ ಸರಿ. ನಾಬ್‌ಗಳ ಹೆಸರು ಅಲ್ಲಿಷ್ಟು ಇಲ್ಲಿಷ್ಟು ಬದಲಾದೀತು, ಒಳಗಿನ ಲೆಕ್ಕ ಒಂದೇ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ಎರಡನೆಯ ಪ್ರಶ್ನೆಯನ್ನಾದರೂ ಓದಿ.

ಮಿಕ್ಸಿಂಗ್‌ನಲ್ಲೇ ಈಕ್ಯೂ ಮಾಡಿ ಆಗಿದೆ. ಮತ್ತೊಮ್ಮೆ ಯಾಕೆ?

ಬೇಕೇ ಬೇಕು ಅಂತೇನಿಲ್ಲ. ಮಿಕ್ಸ್ ಚೆನ್ನಾಗಿ ಬಂದಿದ್ದರೆ ಈಕ್ಯೂವನ್ನು ಮುಟ್ಟದೆ ಕಳಿಸಿದ್ದೂ ಉಂಟು. ಬೇಕಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮಿಕ್ಸ್ ಮಾಡಿದವರ ಕೋಣೆ ಅವರಿಗೆ ಸುಳ್ಳು ಹೇಳಿರುತ್ತದೆ. ಅಲ್ಲಿ ಬಾಸ್ ಕಡಿಮೆ ಕೇಳಿಸಿದ್ದಕ್ಕೆ ಅವರು ಜಾಸ್ತಿ ಹಾಕಿರುತ್ತಾರೆ, ಅದು ಬೇರೆ ಕಡೆ ಗುಂಯ್ ಎನ್ನುತ್ತದೆ. ಇನ್ನೊಂದು, ಆಲ್ಬಮ್‌ನ ಎಂಟು ಹಾಡುಗಳು ಬೇರೆ ಬೇರೆ ದಿನ, ಬೇರೆ ಬೇರೆ ಮನಸ್ಥಿತಿಯಲ್ಲಿ ಮಿಕ್ಸ್ ಆಗಿರುತ್ತವೆ. ಒಂದರ ಬೆನ್ನಿಗೆ ಇನ್ನೊಂದು ಕೇಳುವಾಗ ಅವು ಒಂದೇ ಮನೆಯ ಮಕ್ಕಳಂತಿರಬೇಕು.

ಮಿಕ್ಸಿಂಗ್ ಈಕ್ಯೂಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಯಾವುದೂ ಒಂಟಿಯಾಗಿ ಸಿಗುವುದಿಲ್ಲ. ದನಿ ಮುಂದೆ ಬರಲಿ ಅಂತ 3 ಕಿಲೋಹರ್ಟ್ಸ್ ಎತ್ತಿದರೆ ಅದೇ ಜಾಗದಲ್ಲಿರುವ ಸ್ನೇರ್ ಡ್ರಮ್, ಗಿಟಾರ್, ಪಿಟೀಲು ಎಲ್ಲವೂ ಜೊತೆಗೇ ಎದ್ದು ಬರುತ್ತವೆ.

ಈಕ್ವಲೈಜರ್ ತೆರೆದ ಕೂಡಲೇ ಮೊದಲು ಏನನ್ನು ಸೆಟ್ ಮಾಡಬೇಕು?

ಔಟ್‌ಪುಟ್ ಲೆವೆಲ್. ಬ್ಯಾಂಡ್‌ಗಳೆಲ್ಲ (ಈಕ್ಯೂವಿನಲ್ಲಿ ಒಂದೊಂದು ಆವರ್ತನದ ಜಾಗವನ್ನು ತಿದ್ದುವ ಭಾಗಗಳು) ಆಮೇಲೆ.

ಎರಡು ಶಬ್ದಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೆ ಕಿವಿ ಅದನ್ನು ಜೋರು ಅಂತ ಗುರುತಿಸುವುದಿಲ್ಲ, ಚೆನ್ನಾಗಿದೆ ಅಂತ ಗುರುತಿಸುತ್ತದೆ. ಅರ್ಧ ಡೆಸಿಬೆಲ್ ವ್ಯತ್ಯಾಸ ಸಾಕು. ಈಕ್ಯೂನಲ್ಲಿ ಏನನ್ನು ಎತ್ತಿದರೂ ಒಟ್ಟು ಶಬ್ದ ತುಸು ಜೋರಾಗುತ್ತದೆ. ಈಕ್ಯೂವನ್ನು ತಾತ್ಕಾಲಿಕವಾಗಿ ಬದಿಗಿಡುವ ಬೈಪಾಸ್ ಗುಂಡಿ ಒತ್ತಿ ನೋಡುತ್ತೀರಿ, ಹಳೆಯದು ಮಂಕಾಗಿ ಕೇಳುತ್ತದೆ, ಹೊಸದು ಅರಳಿದಂತಿರುತ್ತದೆ. ಇನ್ನೊಂದು ಬ್ಯಾಂಡ್ ಎತ್ತುತ್ತೀರಿ, ಮತ್ತೂ ಚೆನ್ನಾಗಿ ಕೇಳುತ್ತದೆ. ಹೀಗೆ ಆರು ಬ್ಯಾಂಡ್ ಎತ್ತಿ ಮುಗಿಸುವಾಗ ನೀವು ನಿಜಕ್ಕೂ ಮಾಡಿರುವುದು ವಾಲ್ಯೂಮ್ ಏರಿಸುವ ಕೆಲಸ. ಆ ಏರಿಕೆಯನ್ನು ಕೊನೆಗೆ ಲಿಮಿಟರ್ (ಶಬ್ದದ ಎತ್ತರ ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಕಿತ್ತುಕೊಳ್ಳುತ್ತದೆ, ಈಕ್ಯೂವಿನ ಗಾಯ ಮಾತ್ರ ಹಾಡಿನ ಮೇಲೆ ಉಳಿಯುತ್ತದೆ.

ನಾನು ಮಾಡುವುದು ಹೀಗೆ. ಹಾಡಿನ ತುಂಬಿದ ಭಾಗ, ಹೆಚ್ಚಾಗಿ ಕೊನೆಯ ಪಲ್ಲವಿ, ಇಪ್ಪತ್ತು ಸೆಕೆಂಡ್ ಲೂಪ್‌ಗೆ ಹಾಕುತ್ತೇನೆ. ಒಂದು ಬದಲಾವಣೆ ಮಾಡಿದ ಮೇಲೆ ಲೌಡ್ನೆಸ್ ಮೀಟರ್ ನೋಡಿ ಔಟ್‌ಪುಟ್ ಗೇನನ್ನು ಅಂದಾಜಿಗೆ ಸರಿದೂಗಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿ ಬೈಪಾಸ್ ಗುಂಡಿಯನ್ನು ಐದಾರು ಸಲ ಬಡಬಡ ಒತ್ತಿಬಿಡುತ್ತೇನೆ, ಈಗ ಯಾವುದು ಓಡುತ್ತಿದೆ ಅಂತ ನನಗೇ ಮರೆಯುವ ಹಾಗೆ. ಮುಖ್ಯ ದನಿಯ ಮೇಲೆ ಗಮನ ಇಟ್ಟು, ಎರಡರಲ್ಲೂ ಅದು ಒಂದೇ ದೂರದಲ್ಲಿ ನಿಂತಂತೆ ಅನಿಸುವವರೆಗೆ 0.1 ಡೆಸಿಬೆಲ್‌ನಂತೆ ಔಟ್‌ಪುಟ್ ತಿದ್ದುತ್ತೇನೆ. ಅಲ್ಲಿಗೆ ಬಂದ ಮೇಲೂ ಹೊಸದೇ ಚೆನ್ನಾಗಿದ್ದರೆ ಬದಲಾವಣೆ ಇರಲಿ. ಯಾವುದು ಯಾವುದೆಂದು ಗೊತ್ತಾಗದಿದ್ದರೆ ತೆಗೆದುಹಾಕಿ. ಮೊದಮೊದಲು ಇದನ್ನು ಮಾಡಿದಾಗ ನಿಮ್ಮ ಬದಲಾವಣೆಗಳಲ್ಲಿ ಅರ್ಧಕ್ಕರ್ಧ ಬಿದ್ದುಹೋಗುತ್ತವೆ. ಬೇಜಾರಾಗುತ್ತದೆ, ಆದರೆ ಆಗಲಿ.

ಆಟೋ ಗೇನ್ ಅಂತ ಒಂದು ಗುಂಡಿ ಇದೆಯಲ್ಲ, ಅದನ್ನು ಒತ್ತಿದರೆ ಸಾಲದೇ?

ಅಂದಾಜಿಗೆ ಸಾಕು. ಕೆಲವು ಈಕ್ಯೂಗಳು ಕರ್ವಿನ ಆಕಾರ ನೋಡಿ ಲೆಕ್ಕ ಹಾಕುತ್ತವೆಯೇ ಹೊರತು ಒಳಗೆ ಹರಿಯುವ ಹಾಡನ್ನು ನೋಡುವುದಿಲ್ಲ. 40 ಹರ್ಟ್ಸ್‌ನಲ್ಲಿ ಏನೂ ಇಲ್ಲದ ಹಾಡಿಗೆ 40 ಹರ್ಟ್ಸ್ ಎತ್ತಿದರೂ ಅವು ಗೇನ್ ಇಳಿಸಿಬಿಡುತ್ತವೆ. ಅದಕ್ಕೇ ಕೊನೆಯ ತೀರ್ಮಾನ ಕಿವಿಗೆ ಬಿಡಿ.

ಎಷ್ಟು ಡೆಸಿಬೆಲ್‌ವರೆಗೆ ಹೋಗಬಹುದು?

ನನ್ನ ಹೆಚ್ಚಿನ ಕೆಲಸ ಅರ್ಧದಿಂದ ಒಂದೂವರೆ ಡೆಸಿಬೆಲ್ ಒಳಗೇ ಮುಗಿಯುತ್ತದೆ. ಎರಡು ದಾಟಿದರೆ ಒಮ್ಮೆ ನಿಂತು ಯೋಚಿಸುತ್ತೇನೆ. ಮೂರು ದಾಟಬೇಕು ಅನಿಸಿದರೆ ಮಿಕ್ಸ್ ಮಾಡಿದವರಿಗೆ ಫೋನ್ ಮಾಡುತ್ತೇನೆ. ಬಾಸ್ ಗಿಟಾರಿನ ಟ್ರ್ಯಾಕ್ ಒಂದನ್ನೇ ಅವರು ಎರಡು ನಿಮಿಷದಲ್ಲಿ ಇಳಿಸಿ ಕಳಿಸಬಲ್ಲರು. ನಾನು ಇಲ್ಲಿ ಅದನ್ನು ಇಳಿಸಲು ಹೋದರೆ ಕಿಕ್ ಡ್ರಮ್ಮಿನ ಎದೆಯೂ ಇಳಿಯುತ್ತದೆ, ಗಂಡು ದನಿಯ ಬುಡವೂ ಹೋಗುತ್ತದೆ.

ಇದೇನು ಶಾಸನವಲ್ಲ. ಹಳೆಯ ರೆಕಾರ್ಡಿಂಗ್‌ಗಳನ್ನು ಸರಿಪಡಿಸುವಾಗ, ಮೂಲ ಟ್ರ್ಯಾಕ್‌ಗಳೇ ಇಲ್ಲದಿರುವಾಗ, ಆರು ಡೆಸಿಬೆಲ್ ಬೇಕಾದರೆ ಆರೇ ಹಾಕಬೇಕು.

ಬೆಲ್, ಶೆಲ್ಫ್, ಕ್ಯೂ: ಯಾವುದನ್ನು ಯಾವಾಗ ಬಳಸುವುದು?

ಒಟ್ಟಾರೆ ಮಂಕು, ಒಟ್ಟಾರೆ ದಪ್ಪ ಎಂಬಂಥ ದೂರುಗಳಿಗೆ ಶೆಲ್ಫ್. ಒಂದು ಜಾಗದಲ್ಲಿ ಮಾತ್ರ ಉಬ್ಬಿದ್ದರೆ ಬೆಲ್. ಶೆಲ್ಫ್ ಆ ಆವರ್ತನದಿಂದ ಆಚೆಗೆ ಇರುವುದನ್ನೆಲ್ಲ ಎತ್ತುತ್ತದೆ ಅಥವಾ ಇಳಿಸುತ್ತದೆ, ಬೆಲ್ ಸುತ್ತಮುತ್ತ ಮಾತ್ರ.

ಬೆಲ್ ಎಷ್ಟು ಅಗಲ ಎಂಬುದನ್ನು ಕ್ಯೂ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಬೆಲ್ ಕಿರಿದಾಗುತ್ತದೆ. ಕ್ಯೂ 0.67 ಅಂದರೆ ಎರಡು ಆಕ್ಟೇವ್ (ಆವರ್ತನ ಇಮ್ಮಡಿಯಾದರೆ ಒಂದು ಆಕ್ಟೇವ್) ಅಗಲ, 1.41 ಅಂದರೆ ಒಂದು ಆಕ್ಟೇವ್, 4.32 ಅಂದರೆ ಆಕ್ಟೇವಿನ ಮೂರನೇ ಒಂದು ಭಾಗ. ಮಾಸ್ಟರಿಂಗ್‌ನಲ್ಲಿ ಎತ್ತುವಾಗ ಅಗಲವಾಗಿ, ಕ್ಯೂ ಒಂದರ ಒಳಗೆ ಇಟ್ಟುಕೊಂಡರೆ ಈಕ್ಯೂ ಹಾಕಿದ್ದು ಗೊತ್ತಾಗುವುದಿಲ್ಲ. ಕಡಿಯುವಾಗ ಸ್ವಲ್ಪ ಕಿರಿದಾದರೂ ನಡೆಯುತ್ತದೆ, ಏಕೆಂದರೆ ಕಿರಿದಾದ ಹಳ್ಳಕ್ಕಿಂತ ಕಿರಿದಾದ ಗುಡ್ಡ ಕಿವಿಗೆ ಬೇಗ ಬೀಳುತ್ತದೆ.

ಒಂದು ಎಚ್ಚರಿಕೆ. ಕೆಲವು ಈಕ್ಯೂಗಳಲ್ಲಿ ಗೇನ್ ಏರಿಸಿದಂತೆ ಬೆಲ್ ತಾನಾಗಿಯೇ ಕಿರಿದಾಗುತ್ತದೆ, ಕೆಲವದರಲ್ಲಿ ಅಗಲ ಹಾಗೇ ನಿಲ್ಲುತ್ತದೆ. ಆದ್ದರಿಂದ ಒಂದರಲ್ಲಿ ಬರೆದಿಟ್ಟುಕೊಂಡ ಸಂಖ್ಯೆಗಳನ್ನು ಇನ್ನೊಂದರಲ್ಲಿ ತುಂಬಿದರೆ ಅದೇ ಶಬ್ದ ಬರುತ್ತದೆ ಎಂದು ನಂಬಬೇಡಿ.

ಆವರ್ತನ, ಗೇನ್, ಅಗಲ ಈ ಮೂರನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದಾದ ಈಕ್ಯೂಗೆ ಪ್ಯಾರಾಮೆಟ್ರಿಕ್ ಎಂಬ ಹೆಸರು ಊರಿದ್ದು ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಿಂದ. ಈಕ್ವಲೈಜರ್ ಎಂಬ ಪದವಂತೂ ಇನ್ನೂ ಹಳೆಯದು. ಉದ್ದದ ಟೆಲಿಫೋನ್ ತಂತಿಯಲ್ಲಿ ಸೋರಿಹೋದ ಮೇಲಿನ ಆವರ್ತನಗಳನ್ನು ಮತ್ತೆ ಸರಿಸಮ ಮಾಡುವ ಸರ್ಕ್ಯೂಟಿಗೆ ಇಟ್ಟ ಹೆಸರು ಅದು. ಈಗಲೂ ನಮ್ಮ ಕೆಲಸ ಬಹುಮಟ್ಟಿಗೆ ಅದೇ.

ಎಲ್ಲಿ ತೊಂದರೆ ಇದೆ ಅಂತ ಹುಡುಕುವುದು ಹೇಗೆ? ಒಂದು ಬ್ಯಾಂಡನ್ನು 10 ಡೆಸಿಬೆಲ್ ಎತ್ತಿ ಆ ತುದಿಯಿಂದ ಈ ತುದಿಗೆ ಓಡಿಸಬೇಕಂತೆ?

ಹಾಗೆ ಓಡಿಸಿದರೆ ಎಲ್ಲ ಕಡೆಯೂ ತೊಂದರೆಯೇ ಸಿಗುತ್ತದೆ. 10 ಡೆಸಿಬೆಲ್ ಎತ್ತಿದ ಯಾವ ಜಾಗ ತಾನೇ ಇಂಪಾಗಿ ಕೇಳೀತು? ಮೊದಲು ಈಕ್ಯೂ ಇಲ್ಲದೆ ಹಾಡನ್ನು ಕೇಳಿ. ಏನು ಕಿರಿಕಿರಿ ಆಗುತ್ತಿದೆ ಎಂಬುದನ್ನು ಬಾಯಲ್ಲಿ ಹೇಳಿ, ಇಲ್ಲವೇ ಕಾಗದದ ಮೇಲೆ ಒಂದು ಸಾಲು ಬರೆಯಿರಿ. ಆಮೇಲಷ್ಟೇ ನಾಬ್‌ಗೆ ಕೈ ಹಾಕಿ.

ಒಂದು ಉದಾಹರಣೆ. ಹೆಣ್ಣು ದನಿಯ ಒಂದು ಹಾಡು ಬಂದಿತ್ತು. ಚರಣದಲ್ಲಿ ಹಾಯಾಗಿದೆ, ಪಲ್ಲವಿಗೆ ಬಂದು ದನಿ ಏರಿದ ಕೂಡಲೇ ಕಿವಿಯಲ್ಲಿ ಕಡ್ಡಿ ಆಡಿಸಿದ ಹಾಗೆ. ಕಾಗದದಲ್ಲಿ ಬರೆದುಕೊಂಡೆ: ‘ಪಲ್ಲವಿಯಲ್ಲಿ ಮಾತ್ರ, ಸ ಶ ಅಲ್ಲ, ಆ ಮತ್ತು ಏ.’ ಈ ಒಂದು ಸಾಲಿನಿಂದ ಅರ್ಧ ಕೆಲಸ ಆಯಿತು. ಸ, ಶ, ಷ ಚುಚ್ಚುವುದು ಸಾಮಾನ್ಯವಾಗಿ 5ರಿಂದ 9 ಕಿಲೋಹರ್ಟ್ಸ್ ನಡುವೆ. ಚುಚ್ಚುತ್ತಿರುವುದು ಸ್ವರಗಳಾದರೆ ಅದಕ್ಕಿಂತ ಕೆಳಗೆ, 2ರಿಂದ 4ರ ನಡುವೆ ನೋಡಬೇಕು. ಕಿವಿ ಬಹಳ ಚುರುಕಾಗಿರುವ ಜಾಗವೂ ಅದೇ. ಅಲ್ಲಿ ಒಂದು ಬೆಲ್ ಇಟ್ಟು, ಕ್ಯೂ 1.5, ಎತ್ತುವ ಬದಲು 3 ಡೆಸಿಬೆಲ್ ಕಡಿದು, ಮೆಲ್ಲಗೆ ಸರಿಸಿದೆ. 2.2ರಲ್ಲಿ ದನಿ ಹಿಂದೆ ಹೋಯಿತು, ನೋವು ಹಾಗೇ ಇತ್ತು. 3.6ರಲ್ಲಿ ಸ್ನೇರ್ ಸತ್ತಂತಾಯಿತು. 2.9ರ ಹತ್ತಿರ ಬಂದಾಗ ಹೆಗಲು ತಾನಾಗಿಯೇ ಸಡಿಲವಾಯಿತು, ಇದನ್ನು ಇನ್ನು ಹೇಗೆ ಹೇಳಬೇಕೋ ತಿಳಿಯದು. ಜಾಗ ಸಿಕ್ಕ ಮೇಲೆ 3 ಡೆಸಿಬೆಲ್ ಕಡಿತವನ್ನು ಸೊನ್ನೆಗೆ ತಂದು, ಅಲ್ಲಿಂದ ಮತ್ತೆ ನಿಧಾನವಾಗಿ ಇಳಿಸುತ್ತ ಬಂದೆ. 1.2ರಲ್ಲಿ ನಿಲ್ಲಿಸಿದೆ. ಲೆವೆಲ್ ಸರಿದೂಗಿಸಿ ಹೋಲಿಸಿದಾಗ ಪಲ್ಲವಿ ಸರಿಯಾಗಿತ್ತು, ಆದರೆ ಚರಣದಲ್ಲಿ ದನಿ ತುಸು ಮಂಕಾಗಿತ್ತು. ಕೊನೆಗೆ ಆ ಬ್ಯಾಂಡನ್ನು ಡೈನಾಮಿಕ್ ಮಾಡಿ ಪಲ್ಲವಿಗೆ ಮಾತ್ರ ಸೀಮಿತಗೊಳಿಸಿದೆ.

ಡೈನಾಮಿಕ್ ಈಕ್ಯೂ ಅಂದರೆ ಮಲ್ಟಿಬ್ಯಾಂಡ್ ಕಂಪ್ರೆಸರ್‌ನ ಇನ್ನೊಂದು ಹೆಸರೇ?

ನೆಂಟರು, ಅವಳಿಗಳಲ್ಲ. ಮಲ್ಟಿಬ್ಯಾಂಡ್ ಕಂಪ್ರೆಸರ್ ಹಾಡನ್ನು ಕ್ರಾಸ್‌ಓವರ್ ಫಿಲ್ಟರ್‌ಗಳಿಂದ ಆವರ್ತನದ ಪ್ರಕಾರ ತುಂಡು ಮಾಡಿ, ಒಂದೊಂದರ ಜೋರನ್ನು ಬೇರೆ ಬೇರೆಯಾಗಿ ಹತೋಟಿಗೆ ತಂದು, ಮತ್ತೆ ಸೇರಿಸುತ್ತದೆ. ಡೈನಾಮಿಕ್ ಈಕ್ಯೂ ತುಂಡು ಮಾಡುವುದಿಲ್ಲ, ಒಂದು ಬೆಲ್ ಅಥವಾ ಶೆಲ್ಫಿನ ಗೇನನ್ನು ಆ ಜಾಗದ ಶಬ್ದ ಏರಿದಾಗ ಇಳಿಸುತ್ತದೆ, ಶಬ್ದ ಇಳಿದಾಗ ಬಿಟ್ಟುಕೊಡುತ್ತದೆ. ಮಾಸ್ಟರಿಂಗ್‌ಗೆ ಇದೇ ನನಗೆ ಹೆಚ್ಚು ಹಿಡಿಸುವುದು. ಥ್ರೆಶೋಲ್ಡನ್ನು (ಎಷ್ಟು ಜೋರಾದ ಮೇಲೆ ಇಳಿಸಬೇಕೆಂಬ ಮಿತಿ) ಚರಣದಲ್ಲಿ ಏನೂ ಆಗದ ಹಾಗೆ, ಪಲ್ಲವಿಯಲ್ಲಿ ಒಂದೆರಡು ಡೆಸಿಬೆಲ್ ಮಾತ್ರ ಇಳಿಯುವ ಹಾಗೆ ಇಡಿ. ಬಾಸ್‌ನಲ್ಲಿ ಬಳಸುವಾಗ ಅಟ್ಯಾಕ್ (ಇಳಿಸಲು ತೆಗೆದುಕೊಳ್ಳುವ ಸಮಯ), ರಿಲೀಸ್ (ಬಿಟ್ಟುಕೊಡುವ ಸಮಯ) ಎರಡೂ ನಿಧಾನ ಇರಲಿ. 40 ಹರ್ಟ್ಸಿನ ಒಂದು ಅಲೆಯೇ 25 ಮಿಲಿಸೆಕೆಂಡ್ ಉದ್ದ. ಅದಕ್ಕಿಂತ ಚುರುಕಾಗಿ ಗೇನ್ ಕುಣಿದರೆ ಶಬ್ದ ಒಡೆದಂತೆ ಕೇಳುತ್ತದೆ.

ಲೀನಿಯರ್ ಫೇಸ್ ಬಳಸಬೇಕೋ, ಮಿನಿಮಮ್ ಫೇಸೋ? ಲೀನಿಯರ್ ಅಂದರೆ ಹೆಚ್ಚು ಶುದ್ಧ ಅಲ್ಲವೇ?

ಹೆಸರು ಕೇಳಿ ಮೋಸಹೋಗುವ ಜಾಗ ಇದು. ಸಾಮಾನ್ಯ ಈಕ್ಯೂ ಯಾವ ಆವರ್ತನವನ್ನು ಎತ್ತುತ್ತದೆಯೋ ಇಳಿಸುತ್ತದೆಯೋ ಅದರ ಸುತ್ತ ಫೇಸನ್ನೂ, ಅಂದರೆ ಅಲೆಗಳು ಏರಿಳಿಯುವ ಸಮಯವನ್ನೂ, ತಿರುಚುತ್ತದೆ. ಇದೇ ಮಿನಿಮಮ್ ಫೇಸ್. ಅನಲಾಗ್ ಈಕ್ಯೂಗಳೂ ಹೀಗೇ. ಲೀನಿಯರ್ ಫೇಸ್ ಈಕ್ಯೂ ಎಲ್ಲ ಆವರ್ತನಗಳನ್ನೂ ಒಂದೇ ಸಮನಾಗಿ ತಡ ಮಾಡುತ್ತದೆ, ಹಾಗಾಗಿ ಅವುಗಳ ಪರಸ್ಪರ ಸಂಬಂಧ ಕೆಡುವುದಿಲ್ಲ.

ಪುಕ್ಕಟೆಗೆ ಏನೂ ಸಿಗುವುದಿಲ್ಲ ನೋಡಿ. ಮಿನಿಮಮ್ ಫೇಸ್ ಫಿಲ್ಟರಿನ ಅನುರಣನವೆಲ್ಲ ಏಟು ಬಿದ್ದ ನಂತರ ಬರುತ್ತದೆ. ಲೀನಿಯರ್ ಫೇಸಿನಲ್ಲಿ ಅದು ಸಮವಾಗಿ ಇಬ್ಭಾಗವಾಗಿ, ಅರ್ಧ ಏಟಿಗೆ ಮುಂಚೆಯೇ ಬರುತ್ತದೆ. ಇದಕ್ಕೆ ಪ್ರೀರಿಂಗಿಂಗ್ ಅನ್ನುತ್ತಾರೆ. ಏಟಿನ ನಂತರದ ಸದ್ದನ್ನು ಏಟೇ ಮುಚ್ಚಿಹಾಕುತ್ತದೆ, ಕಿವಿಗೂ ಅದು ಸಹಜ, ಏಕೆಂದರೆ ಜಗತ್ತಿನಲ್ಲಿ ಪ್ರತಿಧ್ವನಿ ಬರುವುದೇ ಆಮೇಲೆ. ಮುಂಚೆ ಬರುವ ಸದ್ದಿಗೆ ಆ ಮರೆ ಬಹಳ ಕಡಿಮೆ. ಕಿಕ್ ಡ್ರಮ್ ಬೀಳುವ ಮುನ್ನ ‘ಹುಪ್’ ಅಂತ ಒಂದು ಉಸಿರು ಎಳೆದ ಹಾಗಾಗುತ್ತದೆ, ಏಟಿನ ಮೊನೆ ಮೊಂಡಾಗುತ್ತದೆ.

ನೀವೇ ನೋಡಬೇಕೆಂದರೆ ಒಂದು ಕಿಕ್ ಸ್ಯಾಂಪಲ್‌ಗೆ ಲೀನಿಯರ್ ಫೇಸ್ ಮೋಡ್‌ನಲ್ಲಿ 50 ಹರ್ಟ್ಸ್‌ನಲ್ಲಿ, ಕ್ಯೂ 6 ಇಟ್ಟು, 9 ಡೆಸಿಬೆಲ್ ಎತ್ತಿ, ಎಕ್ಸ್‌ಪೋರ್ಟ್ ಮಾಡಿ ವೇವ್‌ಫಾರ್ಮ್ ಹಿಗ್ಗಿಸಿ. ಏಟಿಗೆ ಮೊದಲೇ ಅಲೆಗಳು ಬೆಳೆಯುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ಮಾಸ್ಟರಿಂಗ್‌ನಲ್ಲಿ ಯಾರೂ ಇಷ್ಟು ಎತ್ತುವುದಿಲ್ಲ, ಆದರೆ ಒಮ್ಮೆ ಕಂಡ ಮೇಲೆ ಮರೆಯುವುದಿಲ್ಲ.

ಆದ್ದರಿಂದ ಬಾಸ್‌ನಲ್ಲಿ, ಕಿರಿದಾದ ಅಥವಾ ಕಡಿದಾದ ಫಿಲ್ಟರ್‌ಗಳಲ್ಲಿ, ಡ್ರಮ್ ಜೋರಾಗಿರುವ ಹಾಡಿನಲ್ಲಿ ನಾನು ಮಿನಿಮಮ್ ಫೇಸನ್ನೇ ಬಳಸುತ್ತೇನೆ. ಲೀನಿಯರ್ ಫೇಸ್ ನಿಜಕ್ಕೂ ಬೇಕಾಗುವುದು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಈಕ್ಯೂ ಹಾಕುವಾಗ, ಮಿಡ್ ಸೈಡ್‌ನಲ್ಲಿ (ಮುಂದಿನ ಪ್ರಶ್ನೆ ನೋಡಿ) ಒಂದನ್ನು ಮಾತ್ರ ಮುಟ್ಟುವಾಗ, ಅಥವಾ ಈಕ್ಯೂ ಆದದ್ದನ್ನು ಮೂಲದೊಂದಿಗೆ ಪ್ಯಾರಲಲ್ ಆಗಿ ಬೆರೆಸುವಾಗ. ಅಲ್ಲೆಲ್ಲ ಫೇಸ್ ವ್ಯತ್ಯಾಸವಾದರೆ ಚಿತ್ರ ಕದಡುತ್ತದೆ.

ಇನ್ನು ತಡದ ಲೆಕ್ಕ: 8192 ಸ್ಯಾಂಪಲ್ ಉದ್ದದ ಲೀನಿಯರ್ ಫಿಲ್ಟರ್ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್) ಸುಮಾರು 93 ಮಿಲಿಸೆಕೆಂಡ್ ತಡ ಮಾಡುತ್ತದೆ. ಸಾಫ್ಟ್‌ವೇರ್ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಬೈಪಾಸ್ ಒತ್ತಿದಾಗ ಹಾಡು ಹಿಂದೆ ಮುಂದೆ ಜಿಗಿದರೆ ಮಾತ್ರ ಎಲ್ಲೋ ಲೆಕ್ಕ ತಪ್ಪಿದೆ ಎಂದು ತಿಳಿಯಿರಿ.

ಮಿಡ್ ಸೈಡ್ ಮೋಡ್‌ನಲ್ಲಿ ದನಿಗೆ ಮಾತ್ರ ಈಕ್ಯೂ ಹಾಕಬಹುದಂತೆ, ನಿಜವೇ?

ಅರ್ಧ ನಿಜ. ಮಿಡ್ ಅಂದರೆ ಎಡ ಬಲ ಕೂಡಿ ಎರಡರಿಂದ ಭಾಗಿಸಿದ್ದು, ಸೈಡ್ ಅಂದರೆ ಎಡದಿಂದ ಬಲ ಕಳೆದು ಎರಡರಿಂದ ಭಾಗಿಸಿದ್ದು. ನಡುವೆ ಇಟ್ಟ ದನಿ, ಕಿಕ್, ಬಾಸ್ ಮಿಡ್‌ನಲ್ಲಿರುತ್ತವೆ. ಆದರೆ ಪೂರ್ತಿ ಎಡಕ್ಕೆ ತಳ್ಳಿದ ಗಿಟಾರ್ ಸೈಡ್‌ನಲ್ಲಿ ಮಾತ್ರ ಇರುತ್ತದೆ ಎಂದುಕೊಂಡರೆ ತಪ್ಪು. ಎಡ 1, ಬಲ 0 ಎಂದು ಹಾಕಿ ನೋಡಿ: ಮಿಡ್ 0.5, ಸೈಡ್ 0.5. ಅರ್ಧ ಅಲ್ಲಿ, ಅರ್ಧ ಇಲ್ಲಿ. ಈಗ ಆ ಆವರ್ತನದಲ್ಲಿ ಮಿಡ್ ಅನ್ನು 6 ಡೆಸಿಬೆಲ್ ಇಳಿಸಿದರೆ, ಅಂದರೆ 0.25 ಮಾಡಿದರೆ, ಮತ್ತೆ ಕೂಡಿದಾಗ ಎಡ 0.75 ಆಗುತ್ತದೆ, ಬಲದಲ್ಲಿ ಮೈನಸ್ 0.25 ಹುಟ್ಟುತ್ತದೆ. ಬಲ ಸ್ಪೀಕರಿನಲ್ಲಿ ಇಲ್ಲದಿದ್ದ ಗಿಟಾರ್ ಈಗ ಉಲ್ಟಾ ಫೇಸಿನಲ್ಲಿ ಬಂದು ಕೂತಿದೆ. ಒಂದು ಡೆಸಿಬೆಲ್ ಒಳಗೆ ಇದು ಅಷ್ಟಾಗಿ ಕಾಡದು, ನಾಲ್ಕೈದು ಮಾಡಿದರೆ ಹಾಡು ಕಿವಿಯ ಹಿಂದೆ ಹೋದಂತಾಗುತ್ತದೆ.

ಮಿಡ್ ಸೈಡ್ ನನಗೆ ಉಪಯೋಗಕ್ಕೆ ಬರುವುದು ಎರಡು ಕಡೆ: ಸೈಡ್‌ನಲ್ಲಿ ಬಾಸ್ ತೂಗಾಡುತ್ತಿದ್ದರೆ ಅದನ್ನು ಶೆಲ್ಫಿನಿಂದ ಇಳಿಸಲು, ಮತ್ತು ದನಿಯ ಸಕಾರಗಳನ್ನು ಮುಟ್ಟದೆ ಅಂಚುಗಳಿಗೆ ಮಾತ್ರ ಸ್ವಲ್ಪ ಹೊಳಪು ಕೊಡಲು. ಮಾಡಿದ ಮೇಲೆ ಮೋನೋ ಗುಂಡಿ ಒತ್ತಿ ಕೇಳಿ. ಮೋನೋದಲ್ಲಿ ಸೈಡ್ ಪೂರ್ತಿ ಮಾಯ. ನಿಮ್ಮ ಹೊಳಪೂ ಅದರ ಜೊತೆಗೇ ಹೋಗುತ್ತದೆ ಎಂಬುದು ನೆನಪಿರಲಿ.

30 ಹರ್ಟ್ಸ್ ಕೆಳಗಿನದನ್ನೆಲ್ಲ ಹೈಪಾಸ್ ಹಾಕಿ ಕಡಿಯುವುದು ಒಳ್ಳೆಯ ರೂಢಿಯೇ?

ರೂಢಿಯಾಗಿ ಬೇಡ. ಅಲ್ಲಿ ನಿಜವಾಗಿ ಕಸ ಇದ್ದರೆ, ಮೈಕಿಗೆ ಬಡಿದ ಗಾಳಿ, ಕಾಲ ಸದ್ದು, ಡಿಸಿ ಆಫ್‌ಸೆಟ್ (ಅಲೆ ಸೊನ್ನೆಯ ಗೆರೆಯಿಂದ ಸರಿದು ಕೂತಿರುವುದು) ಇಂಥದ್ದು, ಆಗ ಹಾಕಿ. ಸ್ಲೋಪ್ ಆಕ್ಟೇವಿಗೆ 12 ಡೆಸಿಬೆಲ್ ಸಾಕು. ಬಾಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್. ಅದರ ಹತ್ತಿರ 48 ಡೆಸಿಬೆಲ್ ಸ್ಲೋಪಿನ ಗೋಡೆ ಕಟ್ಟಿದರೆ ಫೇಸ್ ತಿರುಚಿ ಬಾಸ್ ಹಿಂದೆ ಬಿದ್ದಂತೆ ಕೇಳುತ್ತದೆ.

ಬರೀ ಕಡಿದಿದ್ದೇನೆ, ಆದರೂ ಪೀಕ್ ಏರಿದೆ. ಈಕ್ಯೂ ಕೆಟ್ಟಿದೆಯೇ?

ಇಲ್ಲ. ಪೀಕ್ ಎಂಬುದು ಹಲವು ಆವರ್ತನಗಳು ಒಂದೇ ಕ್ಷಣದಲ್ಲಿ ಕೂಡಿ ಆಗುವ ಎತ್ತರ. ಫೇಸ್ ಸರಿದರೆ ಅವು ಕೂಡುವ ಕ್ಷಣ ಬದಲಾಗುತ್ತದೆ. ಮೊದಲೇ ಲಿಮಿಟರಿನಲ್ಲಿ ತಲೆ ಚಪ್ಪಟೆಯಾದ ಹಾಡಿಗೆ ಹೈಪಾಸ್ ಹಾಕಿದರೆ ಪೀಕ್ ಒಂದು ಡೆಸಿಬೆಲ್ ಏರಿದರೂ ಅಚ್ಚರಿಯಿಲ್ಲ. ಲಿಮಿಟರ್ ಕೊನೆಯಲ್ಲಿ, ಈಕ್ಯೂ ಅದಕ್ಕೆ ಮುಂಚೆ ಎಂಬ ಕ್ರಮ ಇರುವುದೇ ಇದಕ್ಕಾಗಿ. ಮಿಕ್ಸನ್ನು ಲಿಮಿಟರ್ ಇಲ್ಲದೆ ಕಳಿಸಿ ಎಂದು ನಾವು ಕಾಟ ಕೊಡುವುದೂ ಇದಕ್ಕಾಗಿಯೇ.

ಈಕ್ಯೂ ಒಳಗೆ ಲೆವೆಲ್ ಮಿತಿ ಮೀರಿತು ಎಂಬ ಕೆಂಪು ದೀಪ ಉರಿದರೆ?

ಪ್ಲಗ್‌ಇನ್ 32 ಬಿಟ್ ಫ್ಲೋಟಿನಲ್ಲಿ (ಮಿತಿ ಮೀರಿದ ಲೆವೆಲ್ಲನ್ನೂ ಹಿಡಿದಿಡಬಲ್ಲ ಸಂಖ್ಯೆಯ ರೂಪ) ಓಡುತ್ತಿದ್ದರೆ ಒಳಗೆ ಏನೂ ಒಡೆಯುವುದಿಲ್ಲ, ಮುಂದೆ ಇಳಿಸಿಕೊಂಡರಾಯಿತು. ಹೊರಗಿನ ಪೆಟ್ಟಿಗೆಗೆ 24 ಬಿಟ್ ಕೇಬಲ್‌ನಲ್ಲಿ ಹೋಗುತ್ತಿದ್ದರೆ ಸೊನ್ನೆ ಡೆಸಿಬೆಲ್, ಅಂದರೆ ಡಿಜಿಟಲ್‌ನ ಗರಿಷ್ಠ ಮಟ್ಟ, ದಾಟಿದ್ದೆಲ್ಲ ಅಲ್ಲೇ ಕತ್ತರಿಸಿ ಹೋಗುತ್ತದೆ. ಅದಕ್ಕೇ ಒಳಗೆ ಕಳಿಸುವ ಮುನ್ನ 6 ಡೆಸಿಬೆಲ್ ಇಳಿಸಿ. 24 ಬಿಟ್ಟಿನಲ್ಲಿ 144 ಡೆಸಿಬೆಲ್ ಜಾಗ ಇದೆ, ಆರು ಹೋದರೆ ನಷ್ಟವಿಲ್ಲ.

ಹೊರಗಿನ ಡಿಜಿಟಲ್ ಈಕ್ವಲೈಜರ್ ಸೇರಿಸಿದ್ದೇನೆ. ಆಗಾಗ ಟಿಕ್ ಟಿಕ್ ಸದ್ದು ಬರುತ್ತದೆ.

ಹೆಚ್ಚಿನ ಸಲ ಇದು ಕ್ಲಾಕ್ ಜಗಳ. ಡಿಜಿಟಲ್ ಸರಪಳಿಯಲ್ಲಿ ಸ್ಯಾಂಪಲ್ ತಾಳ ಹಾಕುವವರು ಒಬ್ಬರೇ ಇರಬೇಕು. ಇಂಟರ್‌ಫೇಸ್ (ಕಂಪ್ಯೂಟರಿನಿಂದ ಶಬ್ದ ಕಳಿಸುವ, ತರುವ ಪೆಟ್ಟಿಗೆ) ತನ್ನದೇ ಕ್ಲಾಕಿನಲ್ಲಿ, ಈಕ್ಯೂ ತನ್ನದೇ ಕ್ಲಾಕಿನಲ್ಲಿ ಓಡಿದರೆ ಎರಡೂ 48 ಕಿಲೋಹರ್ಟ್ಸ್ ಎಂದು ತೋರಿಸುತ್ತಿದ್ದರೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತವೆ, ಆಗೊಂದು ಈಗೊಂದು ಸ್ಯಾಂಪಲ್ ಜಾರುತ್ತದೆ. ಅದೇ ಆ ಟಿಕ್. ಈಕ್ಯೂವಿನ ಸಿಂಕ್ ಸೆಟ್ಟಿಂಗನ್ನು ಇನ್‌ಪುಟ್‌ಗೆ ಇಟ್ಟು, ಇಂಟರ್‌ಫೇಸನ್ನು ಇಂಟರ್ನಲ್‌ಗೆ ಬಿಡಿ. ಆಮೇಲೂ ಬಂದರೆ ಕೇಬಲ್ ನೋಡಿ. ಎಇಎಸ್ ಎಂಬ ಡಿಜಿಟಲ್ ಸಂಪರ್ಕಕ್ಕೆ 110 ಓಮ್ ಕೇಬಲ್ ಬೇಕು. ಮೈಕಿನ ಕೇಬಲ್ ಕನೆಕ್ಟರಿಗೆ ಕೂರುತ್ತದೆ ನಿಜ, ಆದರೆ ಉದ್ದ ಹೆಚ್ಚಿದಂತೆ ಕೈಕೊಡುತ್ತದೆ.

ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಬೇಕೇ?

ಓವರ್‌ಸ್ಯಾಂಪ್ಲಿಂಗ್ ಅಂದರೆ ಒಳಗಿನ ಲೆಕ್ಕವನ್ನು ಹೆಚ್ಚಿನ ಸ್ಯಾಂಪಲ್ ರೇಟಿನಲ್ಲಿ ಮಾಡುವುದು. 10 ಕಿಲೋಹರ್ಟ್ಸ್ ಮೇಲೆ ಬೆಲ್ ಅಥವಾ ಶೆಲ್ಫ್ ಇಡುವಿರಾದರೆ ಒಮ್ಮೆ ಹೋಲಿಸಿ ನೋಡಿ. ಸಾಮಾನ್ಯ ಡಿಜಿಟಲ್ ಫಿಲ್ಟರಿನ ಲೆಕ್ಕದಲ್ಲಿ ಸ್ಯಾಂಪಲ್ ರೇಟಿನ ಅರ್ಧದ ಹತ್ತಿರ, ಅಂದರೆ 44.1ರಲ್ಲಿ 22.05 ಕಿಲೋಹರ್ಟ್ಸ್ ಹತ್ತಿರ, ಕರ್ವ್ ಅಂಚಿಗೆ ಒತ್ತಿ ಕಿರಿದಾಗುತ್ತದೆ. 1997ರಲ್ಲಿ ಸೋಫೋಕ್ಲಿಸ್ ಒರ್ಫಾನಿಡಿಸ್ ಇದಕ್ಕೆ ಒಂದು ಪರಿಹಾರದ ಸೂತ್ರ ಪ್ರಕಟಿಸಿದ ಮೇಲೆ ಹಲವು ಈಕ್ಯೂಗಳು ಓವರ್‌ಸ್ಯಾಂಪ್ಲಿಂಗ್ ಇಲ್ಲದೆಯೂ ಇದನ್ನು ಸರಿಪಡಿಸಿಕೊಳ್ಳುತ್ತವೆ. ನಿಮ್ಮದರಲ್ಲಿ ವ್ಯತ್ಯಾಸ ಕೇಳದಿದ್ದರೆ ಪ್ರೊಸೆಸರಿಗೆ ಸುಮ್ಮನೆ ಹೊರೆ ಹೊರಿಸಬೇಡಿ.

ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಅನಲೈಸರ್ ನೋಡಿಕೊಂಡು ಮಾಡಬಹುದಲ್ಲ?

ನೋಡಿ, ಆದರೆ ಕೇಳಿದ ಮೇಲೆ ನೋಡಿ. 44.1ರಲ್ಲಿ 4096 ಸೈಜಿನ ಅನಲೈಸರಿಗೆ ಎರಡು ಗೆರೆಗಳ ನಡುವಿನ ಅಂತರ 10.8 ಹರ್ಟ್ಸ್. ಬಾಸ್‌ನಲ್ಲಿ 41ಕ್ಕೂ ಅದರ ಮುಂದಿನ ಸ್ವರ 44ಕ್ಕೂ ಇರುವ ವ್ಯತ್ಯಾಸ ಅದಕ್ಕೆ ಕಾಣುವುದೇ ಇಲ್ಲ. ಮೇಲಿನ ಕಡೆ ಇಳಿಜಾರು ಕಂಡು ಗಾಬರಿಯಾಗಿ ಟ್ರೆಬಲ್ ಎತ್ತುವವರೂ ಇದ್ದಾರೆ. ಸಂಗೀತ ಇರುವುದೇ ಇಳಿಜಾರಾಗಿ, ಪಿಂಕ್ ನಾಯ್ಸ್ ಎಂಬ ಪರೀಕ್ಷೆಯ ಸದ್ದು ಕೂಡ ಆಕ್ಟೇವಿಗೆ 3 ಡೆಸಿಬೆಲ್ ಇಳಿಯುತ್ತದೆ. ಅನಲೈಸರಿನಲ್ಲಿ ಸ್ಲೋಪ್ ಸೆಟ್ಟಿಂಗ್ ಇದ್ದರೆ 4.5ಕ್ಕೆ ಇಡಿ, ಆಗ ಚಿತ್ರ ಕಿವಿಗೆ ಹತ್ತಿರವಾಗುತ್ತದೆ. 50 ಅಥವಾ 60 ಹರ್ಟ್ಸಿನ ಕರೆಂಟ್ ಹಮ್ಮನ್ನು ಖಚಿತವಾಗಿ ಹಿಡಿಯಲು ಮಾತ್ರ ಅನಲೈಸರ್ ನಿಜವಾದ ಗೆಳೆಯ.

ರೆಫರೆನ್ಸ್ ಹಾಡಿಗೆ ಮ್ಯಾಚ್ ಮಾಡುವ ಗುಂಡಿ?

ಇನ್ನೊಂದು ಹಾಡಿನ ವಾದ್ಯ ಬೇರೆ, ಶ್ರುತಿ ಬೇರೆ. ಅದರ ಕರ್ವನ್ನು ನಿಮ್ಮ ಹಾಡಿಗೆ ಹೊದಿಸಿದರೆ ಪಕ್ಕದವರ ಅಂಗಿ ಹಾಕಿಕೊಂಡ ಹಾಗೆ. ರೆಫರೆನ್ಸ್ ಹಾಡು ಬೇಕು, ಕಿವಿ ತೊಳೆದುಕೊಳ್ಳಲು ಬೇಕು. ಅದನ್ನೂ ನಿಮ್ಮ ಹಾಡಿನ ಲೆವೆಲ್‌ಗೆ ಇಳಿಸಿಯೇ ಕೇಳಿ, ಇಲ್ಲವಾದರೆ ಯಾವಾಗಲೂ ಅದೇ ಗೆಲ್ಲುತ್ತದೆ.

ನನ್ನ ಕೋಣೆಯಲ್ಲಿ ಬಾಸ್ ಸರಿಯಾಗಿ ಕೇಳುವುದಿಲ್ಲ. ಏನು ಮಾಡಲಿ?

ಮೊದಲು ಕುರ್ಚಿ ಸರಿಸಿ. ತಲೆಯ ಹಿಂದಿನ ಗೋಡೆ 1.2 ಮೀಟರ್ ದೂರ ಇದ್ದರೆ ಸುಮಾರು 70 ಹರ್ಟ್ಸ್‌ನಲ್ಲಿ ಒಂದು ಹಳ್ಳ ಬೀಳುತ್ತದೆ. ಗೋಡೆಗೆ ಹೋಗಿ ವಾಪಸ್ ಬಂದ ಅಲೆ ಅರ್ಧ ಸುತ್ತು ತಡವಾಗಿ ನೇರ ಬಂದ ಅಲೆಯನ್ನು ನುಂಗುತ್ತದೆ. ಆ ಹಳ್ಳದಲ್ಲಿ ಕೂತು ಈಕ್ಯೂನಲ್ಲಿ 70 ಎತ್ತಿದರೆ ನಿಮ್ಮ ಕುರ್ಚಿಯಲ್ಲಿ ಅಷ್ಟೇನೂ ಬದಲಾಗುವುದಿಲ್ಲ, ಬೇರೆಲ್ಲ ಕಡೆ ಕಿಟಕಿ ಗಾಜು ನಡುಗುತ್ತದೆ. ಒಂದಡಿ ಮುಂದೆ, ಒಂದಡಿ ಹಿಂದೆ ಬಾಗಿ ಕೇಳಿ. ಬಾಸ್ ಬದಲಾದರೆ ಸುಳ್ಳು ಹೇಳುತ್ತಿರುವುದು ಕೋಣೆ, ಹಾಡಲ್ಲ. ಹೆಡ್‌ಫೋನಿಗೆ ಕೋಣೆಯ ಕಾಟ ಇಲ್ಲ, ಹಾಗಾಗಿ ಬಾಸಿನ ತೀರ್ಮಾನವನ್ನು ಅದರಲ್ಲಿ ಇನ್ನೊಮ್ಮೆ ಪರೀಕ್ಷಿಸಿ.

ಮಾನಿಟರ್ ವಾಲ್ಯೂಮನ್ನು ಒಂದು ಗುರುತಿಗೆ ಕಟ್ಟಿಹಾಕಿ. ಸದ್ದು ಸಣ್ಣದಾದಾಗ ಕಿವಿಗೆ ಬಾಸ್ ಹೆಚ್ಚು ಕಳೆದುಹೋಗುತ್ತದೆ ಎಂದು 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. ಬೆಳಗ್ಗೆ ಜೋರಾಗಿ, ರಾತ್ರಿ ಮೆಲ್ಲಗೆ ಕೇಳಿ ಮಾಡಿದ ಈಕ್ಯೂ ಎರಡು ಬೇರೆ ಜನ ಮಾಡಿದ ಹಾಗಿರುತ್ತದೆ.

ಸ್ಟ್ರೀಮಿಂಗ್‌ಗೆ ಬೇರೆ ಈಕ್ಯೂ ಬೇಕೇ?

ಬೇರೆ ಬೇಡ, ಆದರೆ ಒಂದು ವಿಷಯ ಗೊತ್ತಿರಲಿ. ಹಲವು ಸೇವೆಗಳು ಹಾಡುಗಳನ್ನು ಒಂದೇ ಲೌಡ್ನೆಸ್‌ಗೆ ತರುತ್ತವೆ, ಸ್ಪಾಟಿಫೈನಲ್ಲಿ ಅದು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎಂಬುದರ ಅಳತೆ). ಎಲ್‌ಯುಎಫ್‌ಎಸ್ ಅಳತೆ ನಿಂತಿರುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 2006ರಲ್ಲಿ ಮೊದಲು ಹೊರತಂದ ಬಿಎಸ್ 1770 ಎಂಬ ಮಾನದಂಡದ ಮೇಲೆ. ಆ ಅಳತೆಯ ಒಳಗೇ ಒಂದು ಈಕ್ಯೂ ಇದೆ: ಮೇಲಿನ ಆವರ್ತನಗಳನ್ನು ಸುಮಾರು 4 ಡೆಸಿಬೆಲ್ ಎತ್ತಿ, ತೀರಾ ಕೆಳಗಿನ ಬಾಸನ್ನು ಇಳಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ 3 ಕಿಲೋಹರ್ಟ್ಸ್ ಸುತ್ತ ಎತ್ತಿದರೆ ಮೀಟರ್ ಬೇಗ ಏರುತ್ತದೆ, ಸೇವೆ ನಿಮ್ಮ ಇಡೀ ಹಾಡನ್ನು ಇಳಿಸುತ್ತದೆ, ಬಾಸ್ ಕೂಡ ಅದರೊಂದಿಗೆ ಇಳಿಯುತ್ತದೆ. ಎದ್ದು ಕೇಳಲಿ ಅಂತ ಚೂಪು ಮಾಡಿದ ಹಾಡು ಕೊನೆಗೆ ತೆಳ್ಳಗೆ ಕೇಳುವುದು ಹೀಗೆ.

ವಿನೈಲ್ ರೆಕಾರ್ಡಿಗೆ?

ಸೈಡ್‌ನ ಬಾಸ್ ಇಳಿಸಿ, ಸಕಾರಗಳನ್ನು ತಣಿಸಿ. ಎಡ ಬಲದಲ್ಲಿ ಬೇರೆ ಬೇರೆಯಾಗಿ ಓಡುವ ಬಾಸ್ ಸೂಜಿಯನ್ನು ಮೇಲೆ ಕೆಳಗೆ ಕುಣಿಸಿ ರೆಕಾರ್ಡಿನ ಗೀರಿನಿಂದ ಹಾರಿಸುತ್ತದೆ. ಆರ್‌ಐಎಎ ಕರ್ವನ್ನು (ವಿನೈಲ್ ಕತ್ತರಿಸುವಾಗ ಬಾಸ್ ಇಳಿಸಿ ಟ್ರೆಬಲ್ ಎತ್ತುವ ನಿಗದಿತ ಈಕ್ಯೂ) ನೀವು ಹಾಕಬೇಡಿ, ಅದನ್ನು ಕತ್ತರಿಸುವ ಯಂತ್ರವೇ ಹಾಕುತ್ತದೆ.

ಎಲ್ಲ ಮುಗಿಯಿತು. ಎಕ್ಸ್‌ಪೋರ್ಟ್ ಮಾಡುವ ಮುನ್ನ ಏನು ನೋಡಬೇಕು?

ಸೋಲೋ ಗುಂಡಿಗಳು. ಬ್ಯಾಂಡ್ ಸೋಲೋ, ಡೆಲ್ಟಾ, ಸೈಡ್ ಮಾತ್ರ ಕೇಳುವ ಗುಂಡಿ, ಮೋನೋ ಗುಂಡಿ. ಒಮ್ಮೆ ನಡುರಾತ್ರಿ ಕೆಲಸ ಮುಗಿಸಿ, ಈಕ್ಯೂ ಏನನ್ನು ತೆಗೆದಿದೆ ಎಂದು ಕೇಳಲು ಡೆಲ್ಟಾ ಒತ್ತಿದವನು ಅದನ್ನು ಹಾಗೇ ಬಿಟ್ಟು ಆರು ಹಾಡು ಎಕ್ಸ್‌ಪೋರ್ಟ್ ಮಾಡಿ ಕಳಿಸಿ ಮಲಗಿದ್ದೆ. ಬೆಳಗ್ಗೆ ಬಂದ ಮೆಸೇಜು: ‘ಅಣ್ಣಾ, ಹಾಡು ಎಲ್ಲಿ ಹೋಯ್ತು? ಬರೀ ಹಿಸ್ಸ್ ಅಂತಿದೆ.’ ನಾನು ಕಡಿದು ಬಿಸಾಕಿದ್ದ 2.9 ಕಿಲೋಹರ್ಟ್ಸಿನ ಚೂರುಗಳನ್ನೇ ಅವರಿಗೆ ಕಳಿಸಿದ್ದೆ.

ಆಮೇಲಿಂದ ಎಕ್ಸ್‌ಪೋರ್ಟ್ ಆದ ಫೈಲನ್ನು ಬೇರೊಂದು ಪ್ಲೇಯರಿನಲ್ಲಿ ತೆರೆದು, ಪರದೆ ಆರಿಸಿ, ಮೊದಲಿಂದ ಕೊನೆಯವರೆಗೆ ಕೇಳುತ್ತೇನೆ. 16 ಬಿಟ್‌ಗೆ ಇಳಿಸುವುದಿದ್ದರೆ ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಅತಿ ಸಣ್ಣ ಸದ್ದು) ಒಂದೇ ಸಲ, ಎಲ್ಲದರ ಕೊನೆಯಲ್ಲಿ. ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವಿನ ಎತ್ತರವನ್ನೂ ಲೆಕ್ಕ ಹಿಡಿದ ಪೀಕ್) ಮೈನಸ್ 1 ಡೆಸಿಬೆಲ್ ಒಳಗೆ. ಈಕ್ಯೂ ಸೆಟ್ಟಿಂಗನ್ನು ಹಾಡಿನ ಹೆಸರು, ತಾರೀಖು ಹಾಕಿ ಸೇವ್ ಮಾಡಿಡಿ. ‘ದನಿ ಒಂಚೂರು ಮುಂದೆ ಬರ್ಲಿ’ ಎಂಬ ಫೋನ್ ಮೂರನೇ ದಿನ ಬರುತ್ತದೆ.